ಪದಚರ್ಚೆ: ಬೆಳ್ಳಿಯಲ್ಲಿ ತುಂಬಿದ ಕಪ್ಪಿಗೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಹಳೆಯ ಬೆಳ್ಳಿ ಒಡವೆಗಳ ಸಂಗ್ರಹವೊಂದಕ್ಕೆ ಕನ್ನಡದಲ್ಲಿ ವಿವರಪಟ್ಟಿ ಬರೆಯುತ್ತಿದ್ದೇನೆ. ಬ್ರೋಚುಗಳು, ಬಿಲ್ಲೆ ಜೋಡಿಸಿದ ಕೈಬಳೆಗಳು, ಕಿವಿಯೋಲೆಗಳು. ನಡುವೆ ಬೆಳ್ಳಿಯಲ್ಲಿ ಮಿನುಗುವ ದೇವತೆ, ಸುತ್ತಲೂ ಕಡುಗಪ್ಪು. ಈ ಕಪ್ಪಿಗೆ ಕನ್ನಡದ ಹೆಸರೇನು?

ಸಂಗ್ರಾಹಕರಲ್ಲಿ ಬಹಳ ಜನ ಇದನ್ನೂ ಎನಾಮಲ್ ಎಂದೇ ಕರೆದುಬಿಡುತ್ತಾರೆ. ಅದನ್ನೇ ಹಿಡಿದು ಹೊರಟರೆ ನಾವು ‘ಮೀನಾ ಕೆಲಸ’ ಎಂದು ಬರೆಯಬೇಕಾಗುತ್ತದೆ. ಮೀನಾ ಎಂದರೆ ಲೋಹದ ಮೇಲೆ ಕರಗಿಸಿ ಹಿಡಿಸಿದ ಬಣ್ಣದ ಗಾಜು. ಇದು ಗಾಜಲ್ಲ. ಬೆಳ್ಳಿ, ತಾಮ್ರ, ಸೀಸಗಳನ್ನು ಗಂಧಕದೊಡನೆ ಕರಗಿಸಿ, ಆರಿದ ಮೇಲೆ ಪುಡಿ ಮಾಡಿ, ಆ ಪುಡಿಯನ್ನು ಒಡವೆಯ ತಗ್ಗುಗಳಿಗೆ ತುಂಬಿ ಮತ್ತೆ ಕಾಯಿಸುತ್ತಾರೆ. ಪುಡಿ ಕರಗಿ ತಗ್ಗಿನಲ್ಲಿ ಕೂರುತ್ತದೆ. ಉಕ್ಕಿ ನಿಂತದ್ದನ್ನು ಅರದಿಂದ ಉಜ್ಜಿ ತೆಗೆದರೆ ಬೆಳ್ಳಿಯೂ ಕಪ್ಪೂ ಒಂದೇ ಮಟ್ಟ. ಬೆರಳಾಡಿಸಿದರೆ ಎಲ್ಲಿ ಯಾವುದು ಮುಗಿಯಿತೆಂದು ತಿಳಿಯುವುದೇ ಇಲ್ಲ. ಬೆಳಕಿಗೆ ಹಿಡಿದರೆ ಗಾಜಿನ ಥಳಕಿರದೆ, ಸೀಸದ ಕಡ್ಡಿಯ ಗೆರೆಗಿರುವಂಥ ಬೂದುಹೊಳಪು ಕಾಣುತ್ತದೆ.

ಯುರೋಪಿನವರು ಇದಕ್ಕೆ ‘ನಿಯೆಲ್ಲೊ’ ಎನ್ನುತ್ತಾರೆ. ಮೂಲ, ಲ್ಯಾಟಿನ್ನಿನಲ್ಲಿ ಕಪ್ಪು ಎಂಬರ್ಥದ ‘ನೈಗರ್’. ಥಾಯ್ ನುಡಿಯಲ್ಲಿ ‘ಥೋಮ್’. ಈ ಕೆಲಸಕ್ಕೆ ಹೆಸರಾದ ಊರು ನಖೋನ್ ಸಿ ತಮ್ಮರಾತ್, ನಮ್ಮ ಬಾಯಲ್ಲಿ ‘ನಗರ ಶ್ರೀ ಧರ್ಮರಾಜ’.

ಹಾಗಿದ್ದರೆ ‘ಬಿದರಿ’ ಎನ್ನೋಣವೇ? ಕಣ್ಣಿಗೆ ಎರಡೂ ಒಂದೇ, ಮಾಟ ಮಾತ್ರ ತಿರುಗುಮುರುಗು. ಬಿದರಿಯಲ್ಲಿ ಸತು ಹೆಚ್ಚಾಗಿರುವ ಮಿಶ್ರಲೋಹವೇ ಮೈ, ಅದರೊಳಗೆ ಕೂರಿಸಿದ್ದು ಬೆಳ್ಳಿ. ಕಪ್ಪು ಬರುವುದು ಕೊನೆಗೆ, ಮಣ್ಣು ನವಸಾಗರಗಳಿಂದ. ಇಲ್ಲಿ ಬೆಳ್ಳಿಯೇ ಮೈ, ಕಪ್ಪೇ ತುಂಬು. ‘ಸಯಾಮಿನ ಬಿದರಿ’ ಎಂದರೆ ಎರಡೂ ಕಸುಬಿಗೆ ಅನ್ಯಾಯ.

ಗೆಳೆಯರೊಬ್ಬರು ‘ಕರಿಮೀನಾ’ ಸೂಚಿಸಿದರು. ಓದಿದವರು ಸಾರಿಗೆ ಹುಣಸೆಹಣ್ಣು ನೆನೆಹಾಕಿಯಾರು! ನನ್ನ ಒಲವು ‘ಕರಿಯೆರಕ’ದ ಕಡೆಗೆ. ಎರಕ ಎಂದೊಡನೆ ಅಚ್ಚು ನೆನಪಾಗುತ್ತದೆ ಎಂಬ ಆಕ್ಷೇಪ ಬರಬಹುದು. ಆದರೆ ಕರಗಿದ್ದು ತಗ್ಗಿನಲ್ಲಿ ತುಂಬಿ ಗಟ್ಟಿಯಾಗುವ ಅರ್ಥ ಆ ಪದದಲ್ಲೇ ಇದೆ. ‘ಮೀನಾ’ವನ್ನು ಬೇರೆಯಾಗಿಯೇ ಉಳಿಸಿಕೊಳ್ಳುವ ಅಗತ್ಯವೂ ಇದೆ: ಇದೇ ಸಂಗ್ರಹದಲ್ಲಿ ಇದೇ ದೇವತೆಯ ಚಿತ್ರವಿರುವ ಬಿಳಿ, ನೀಲಿ, ಹಸಿರು ಒಡವೆಗಳಿವೆ, ಅವು ನಿಜವಾದ ಮೀನಾ. ಬೆಳ್ಳಿ ಕೆಲಸದವರ ಆಡುಮಾತಿನಲ್ಲಿ ಇದಕ್ಕೆ ಬೇರೆ ಪದವಿದ್ದರೆ ‘ಕರಿಯೆರಕ’ವನ್ನು ಸಂತೋಷದಿಂದ ಕೈಬಿಡುತ್ತೇನೆ.

ಎರಡನೆಯ ತೊಡಕು ಆ ದೇವತೆಯದೇ. ಥಾಯ್ ಜನರು ‘ಮೇಕ್ಖಲಾ’ ಎನ್ನುವ ಈಕೆ ಎತ್ತಿದ ಕೈಯಲ್ಲಿ ಮಣಿಯೊಂದನ್ನು ಹಿಡಿದು ಕುಣಿಯುತ್ತಾಳೆ. ಅದನ್ನು ಕಸಿಯಲು ‘ರಾಮಸೂನ್’ ಎಂಬ ಅಸುರ ಕೊಡಲಿ ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಅವಳು ಮಣಿಯನ್ನು ಅವನ ಕಣ್ಣಿಗೆ ಹೊಳೆಯಿಸಿದರೆ ಮಿಂಚು, ಅವನು ಗುರಿತಪ್ಪಿ ಕೊಡಲಿ ಬೀಸಿದರೆ ಗುಡುಗು. ರಾಮಸೂನನನ್ನು ‘ರಾಮಾಸುರ’ ಎಂದು ಬರೆಯಲು ಅಡ್ಡಿಯಿಲ್ಲ. ‘ಎರವಣ್’ ಆನೆ ಐರಾವತ, ‘ತೋತ್ಸಕನ್’ ದಶಕಂಠ, ಇವೂ ಸಲೀಸು. ಆದರೆ ‘ಮೇಖಲೆ’ ಎಂದರೆ ನಮಗೆ ಒಡ್ಯಾಣ! ಒಡವೆಗಳ ಪಟ್ಟಿಯಲ್ಲಿ ‘ಮೇಖಲೆಯಿರುವ ಕೈಬಳೆ’ ಎಂದು ಬರೆದರೆ ಓದುಗರು ಎರಡು ಒಡವೆಗಳನ್ನು ಹುಡುಕುತ್ತಾರೆ.

ಆದ್ದರಿಂದ ‘ಮಣಿಮೇಖಲಾ’ ಎಂಬ ಪೂರ್ಣರೂಪ ಬಳಸಬಹುದೆಂದುಕೊಂಡಿದ್ದೇನೆ. ಬುದ್ಧನ ಹಿಂದಿನ ಜನ್ಮದ ಕಥೆಗಳಲ್ಲೊಂದಾದ ಮಹಾಜನಕ ಜಾತಕದಲ್ಲಿ ಹಡಗೊಡೆದು ಈಜುತ್ತಿದ್ದ ರಾಜಕುಮಾರನನ್ನು ಎತ್ತಿಕೊಂಡು ಹೋಗಿ ಕಾಪಾಡುವ ಕಡಲದೇವತೆಯ ಹೆಸರೂ ಅದೇ. ‘ಮಣಿಮೇಖಲೈ’ ಎಂಬ ತಮಿಳು ಕಾವ್ಯದ ನಾಯಕಿಗೆ ಹೆಸರು ಬಂದದ್ದೂ ಈ ದೇವತೆಯಿಂದಲೇ, ಹಾಗಾಗಿ ನಮ್ಮ ಕಿವಿಗೆ ಅದು ಹೊಸದಲ್ಲ.

ಇನ್ನೊಂದು ಚಿಕ್ಕ ವಿಷಯ. ಒಡವೆಗಳ ಹಿಂಬದಿಯಲ್ಲಿ ‘ಸಯಾಮ್ ಸ್ಟರ್ಲಿಂಗ್’ ಎಂಬ ಮುದ್ರೆಯಿದೆ. ಸ್ಟರ್ಲಿಂಗ್ ಎಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ದೇಶದ ಹೆಸರು 1939ರಲ್ಲಿ ಬದಲಾದರೂ ಆಮೇಲಿನ ಒಡವೆಗಳಲ್ಲೂ ಸಯಾಮ್ ಎಂದೇ ಒತ್ತುತ್ತಿದ್ದರು, ಆದ್ದರಿಂದ ಮುದ್ರೆ ನೋಡಿ ಕಾಲ ಹೇಳಲಾಗದು. ಪಟ್ಟಿಯಲ್ಲಿ ಮುದ್ರೆಯ ಮಾತನ್ನು ಹಾಗೆಯೇ ಇಟ್ಟು, ನನ್ನ ಬರಹದಲ್ಲಿ ‘ಥಾಯ್’ ಎನ್ನಲೇ, ಅಥವಾ ಎರಡೂ ಕಡೆ ‘ಸಯಾಮ್’ ಇರಲೇ?