ಬೆಳಗ್ಗೆ ಮಿಸ್ಸಿಂಗ್, ಬಿಸಿಯಾದ ಮೇಲೆ ಸರಿ. ನಾಜಲ್, ಪಂಪ್ ಎಲ್ಲಾ ಮಾಡಿಸಿ ಆಯ್ತು

ಶುಂಠಿ ಗಾಡಿ

ಎಲ್ಲರಿಗೂ ನಮಸ್ಕಾರ. ನನ್ನದು 2007ರ ಪಿಕಪ್. ನಾಲ್ಕು ಸಿಲಿಂಡರ್ ಡೀಸೆಲ್, ಡೈರೆಕ್ಟ್ ಇಂಜೆಕ್ಷನ್, ಹಳೇ ಕಾಲದ ಇನ್‌ಲೈನ್ ಪಂಪ್. ಪಂಪ್ ಡೀಸೆಲ್ ತಳ್ಳುತ್ತದೆ, ನಾಜಲ್ ಅದನ್ನು ಸಿಲಿಂಡರ್ ಒಳಗೆ ಚಿಮ್ಮುತ್ತದೆ, ಅಷ್ಟೇ. ಸೆನ್ಸರ್ ಗಿನ್ಸರ್ ಏನೂ ಇಲ್ಲ. ಅರಕಲಗೂಡು ಕಡೆಯಿಂದ ಶುಂಠಿ, ಆಲೂಗಡ್ಡೆ ತುಂಬಿಕೊಂಡು ಹಾಸನಕ್ಕೆ ಹೋಗುತ್ತೇನೆ, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗುವುದುಂಟು. ಮೀಟರ್ ಕೇಬಲ್ ಎರಡು ಸಲ ಕಟ್ಟಾಗಿತ್ತು, ಹಾಗಾಗಿ ನಿಜವಾಗಿ ಎಷ್ಟು ಓಡಿದೆಯೋ ಗೊತ್ತಿಲ್ಲ. ಮೂರು ಲಕ್ಷ ಕಿಲೋಮೀಟರ್ ಅಂತೂ ದಾಟಿದೆ.

ತೊಂದರೆ ಏನಂದರೆ ಮಿಸ್ಸಿಂಗ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ಏಟು ತಪ್ಪುವುದು. ಮಳೆಗಾಲದ ಕೊನೆಯಲ್ಲಿ ಶುರುವಾಯಿತು. ಏರಿನಲ್ಲಿ ಎಳೆತ ಕಮ್ಮಿಯಾಗಿ ಕಪ್ಪು ಹೊಗೆ ಬರುತ್ತಿತ್ತು, ಐಡ್ಲಿಂಗ್‌ನಲ್ಲಿ ಆಗೊಂದು ಈಗೊಂದು ಏಟು ತಪ್ಪುತ್ತಿತ್ತು. ಡೀಸೆಲ್ ಫಿಲ್ಟರ್ ಎರಡು ಸಲ ಬದಲಿಸಿದೆ, ಹೋಗಲಿಲ್ಲ. ನಾಲ್ಕೂ ನಾಜಲ್ ಬಿಚ್ಚಿಸಿ ಹೊಸ ಎಲಿಮೆಂಟ್ ಹಾಕಿಸಿದೆ. ಆಮೇಲೆ ಪಂಪ್ ಇಳಿಸಿ ಕ್ಯಾಲಿಬ್ರೇಷನ್. ಎಂಜಿನ್ ಮೌಂಟಿಂಗ್ ಕೂಡ ಹೊಸದು. ಎಲ್ಲಾ ಸೇರಿ 21,000 ರೂಪಾಯಿ ಹೋಯಿತು.

ಈಗ ಬೆಳಗ್ಗೆ ಐದಕ್ಕೆ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಹಿಡಿಯುತ್ತದೆ, ಆದರೆ ಇಡೀ ಗಾಡಿ ಚಳಿಜ್ವರ ಬಂದ ಹಾಗೆ ನಡುಗುತ್ತದೆ. ಕೊಟ್ಟಿಗೆ ತುಂಬಾ ಬಿಳಿ ಹೊಗೆ, ಕಣ್ಣು ಉರಿ. ನಾನು ಗಾಡಿ ತೆಗೆಯುವ ಮೊದಲು ನಮ್ಮಮ್ಮ ಹಸು ಬಿಚ್ಚಿ ಹೊರಗೆ ಕಟ್ಟುತ್ತಾರೆ, ಅಷ್ಟು. ಹತ್ತು ಹದಿನೈದು ನಿಮಿಷ ಓಡಿಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ಎಫ್‌ಸಿಗೆ (ಗಾಡಿಯ ಫಿಟ್ನೆಸ್ ಪರೀಕ್ಷೆ) ಇನ್ನು ಆರು ವಾರ ಇದೆ. ಮೆಕ್ಯಾನಿಕ್ ಈಗ ಎಂಜಿನ್ ಬಿಚ್ಚೋಣ ಅನ್ನುತ್ತಿದ್ದಾನೆ. ಬಿಚ್ಚಲೇಬೇಕಾ?

ಟರ್ಬೊ ತಮ್ಮ

ಬ್ರೋ, ಮೊದಲು ಸ್ಕ್ಯಾನರ್ ಹಾಕಿಸಿ, ಯಾವ ಸಿಲಿಂಡರ್ ಅಂತ ಕೋಡ್ ಬರುತ್ತದೆ. ಸ್ಪಾರ್ಕ್ ಪ್ಲಗ್ ಬದಲಿಸಿದ್ದೀರಾ?

ಗ್ರೀಸ್ ಕೈ

ತಮ್ಮಾ, ಅದು ಡೀಸೆಲ್. ಪ್ಲಗ್ ಎಲ್ಲಿಂದ ತರಲಿ? ಸ್ಕ್ಯಾನರ್ ಪಿನ್ ಚುಚ್ಚೋದಕ್ಕೂ ಆ ಗಾಡಿಯಲ್ಲಿ ಜಾಗ ಇಲ್ಲ.

ಶುಂಠಿ ಗಾಡಿ ಅಣ್ಣಾ, ನಾನು ಪಂಪ್, ನಾಜಲ್ ಕೆಲಸ ಮಾಡಿಕೊಂಡು 22 ವರ್ಷ ಆಯಿತು. ನಾನು ಕಲಿತ ಕಾಲಕ್ಕೆ ಪಂಪ್ ಅಂದರೆ ಮೈಕೋ. 2008ರಲ್ಲಿ ಕಂಪನಿ ಹೆಸರು ಬಾಷ್ ಅಂತ ಆದರೂ ಅಂಗಡಿಗೆ ಬರುವವರು ಇವತ್ತಿಗೂ ಮೈಕೋ ಪಂಪ್ ಅಂತಲೇ ಕೇಳುತ್ತಾರೆ. ಇರಲಿ. ನೀವು 21,000 ಖರ್ಚು ಮಾಡಿದ್ದೀರಿ, ಆದರೆ ನಾಲ್ಕರಲ್ಲಿ ಯಾವ ಸಿಲಿಂಡರ್ ಸತ್ತಿದೆ ಅಂತ ಯಾರೂ ನೋಡಿದ ಹಾಗಿಲ್ಲ. ಅದು ಗೊತ್ತಿಲ್ಲದೆ ಸಾಮಾನು ಬದಲಿಸುವುದು ಸುಮ್ನೆ ದುಡ್ಡು ಸುಡೋದು.

ಅದಕ್ಕೆ ಒಂದು ಪೈಸೆ ಬೇಡ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಸೈಲೆನ್ಸರ್ ಮ್ಯಾನಿಫೋಲ್ಡ್ (ಹೊಗೆ ಹೊರಬರುವ ಕೊಳವೆ) ಎಂಜಿನ್ ಹೆಡ್‌ಗೆ ಸೇರುವ ನಾಲ್ಕು ಜಾಗದಲ್ಲೂ ಬೆರಳ ತುದಿಯಿಂದ ಒಂದೊಂದು ಹನಿ ನೀರು ಚಿಮುಕಿಸಿ. ದೋಸೆ ಕಾವಲಿ ಕಾದಿದೆಯಾ ಅಂತ ನೋಡುತ್ತೀವಲ್ಲ, ಹಾಗೆ. ಚೊಂಯ್ ಅಂತ ಆರಿದರೆ ಆ ಸಿಲಿಂಡರ್ ಉರಿಯುತ್ತಿದೆ. ಹನಿ ಹಾಗೇ ಕೂತರೆ ಅದೇ ನಿಮ್ಮ ಕಳ್ಳ. ಹನಿ ಅಂದರೆ ಹನಿ, ಚೊಂಬಿನಲ್ಲಿ ಸುರಿಯಬೇಡಿ, ಕಾದ ಬೀಡು ಕಬ್ಬಿಣ ಬಿರುಕು ಬಿಡುತ್ತದೆ.

ಇನ್ನೂ ಖಾತ್ರಿ ಬೇಕಾದರೆ ಐಡ್ಲಿಂಗ್‌ನಲ್ಲಿ ನಾಜಲ್ ಮೇಲಿನ ಪೈಪಿನ ಯೂನಿಯನ್ ನಟ್ ಅರ್ಧ ಸುತ್ತು ಸಡಿಲ ಮಾಡಿ, ಒಂದು ಸಲಕ್ಕೆ ಒಂದೇ. ಚೆನ್ನಾಗಿರುವ ಸಿಲಿಂಡರ್ ಆದರೆ ಎಂಜಿನ್ ತಕ್ಷಣ ಕುಗ್ಗುತ್ತದೆ. ಸತ್ತಿರುವುದಾದರೆ ಸದ್ದಿನಲ್ಲಿ ಏನೂ ಬದಲಾಗುವುದಿಲ್ಲ. ನಟ್ ಸುತ್ತ ದಪ್ಪ ಬಟ್ಟೆ ಸುತ್ತಿ, ಬೆರಳು ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿಕೊಂಡು ಕೂರಬೇಡಿ, ನೇರ ಆಸ್ಪತ್ರೆ. ಇದನ್ನು ಓದುವ ಹೊಸ ಗಾಡಿಯವರೂ ಕೇಳಿ: ಕಾಮನ್ ರೈಲ್ ಗಾಡಿಯಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಅಲ್ಲಿ 1,000 ಬಾರ್‌ಗೂ ಜಾಸ್ತಿ ಒತ್ತಡ ಇರಬಹುದು.

ಘಾಟಿ ಡ್ರೈವರ್

ಏರ್ ಹಿಡಿದಿರಬಹುದು ಮಾರಾಯ್ರೆ. ನನ್ನ ಗಾಡಿಗೂ ಹೀಗೇ ಆಗಿತ್ತು, ಫಿಲ್ಟರ್ ಬದಲಿಸುವಾಗ ಹಳೇ ವಾಷರ್ ವಾಪಸ್ ಹಾಕಿದ್ದರು, ರಾತ್ರಿ ನಿಂತಾಗ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಜಾಗದಲ್ಲಿ ಒಂದಡಿ ಪಾರದರ್ಶಕ ಪೈಪ್ ಹಾಕಿ ನೋಡಿ. ಗುಳ್ಳೆ ಓಡಿದರೆ ಏರ್. 50 ರೂಪಾಯಿಯ ಕೆಲಸ.

ಶುಂಠಿ ಗಾಡಿ

ಇವತ್ತು ಬೆಳಗ್ಗೆ ಭಾವಮೈದನನ್ನು ಕರೆದುಕೊಂಡು ಎಲ್ಲಾ ಮಾಡಿದೆ.

ಪಾರದರ್ಶಕ ಪೈಪಿನಲ್ಲಿ ಒಂದು ಗುಳ್ಳೆಯೂ ಇಲ್ಲ. ನೀರಿನ ಹನಿ 1, 2, 4ರಲ್ಲಿ ಚೊಂಯ್ ಅಂದಿತು, 3ನೆಯದರಲ್ಲಿ ಮೂರು ಹನಿ ಹಾಕಿದರೂ ಹಾಗೇ ಕೂತಿತ್ತು. ಕಳ್ಳ ಸಿಕ್ಕಿದ! ಯೂನಿಯನ್ ಸಡಿಲ ಮಾಡಿದಾಗಲೂ ಅದೇ, 3ಕ್ಕೆ ಎಂಜಿನ್ ಕ್ಯಾರೇ ಅನ್ನಲಿಲ್ಲ. ಆದರೆ ಗಾಡಿ ಬಿಸಿಯಾದ ಮೇಲೆ ಮತ್ತೆ ಮಾಡಿದರೆ 3 ಸಡಿಲ ಮಾಡಿದಾಗ ಎಂಜಿನ್ ಸ್ವಲ್ಪ ಕುಗ್ಗಿತು. ಅಂದರೆ ಬಿಸಿಯಾದರೆ ಅರೆಬರೆ ಉರಿಯುತ್ತದೆ.

ಹುಮ್ಮಸ್ಸಿನಲ್ಲಿ 2 ಮತ್ತು 3ರ ನಾಜಲ್ ಅದಲು ಬದಲು ಮಾಡಿದೆವು, ಎರಡರ ಬುಡಕ್ಕೂ ಹೊಸ ತಾಮ್ರದ ವಾಷರ್ ಹಾಕಿ. ಗಾಡಿ ತಣ್ಣಗಾಗಲಿ ಅಂತ ಸಂಜೆವರೆಗೆ ಕಾದು ಸ್ಟಾರ್ಟ್ ಮಾಡಿದರೆ ಸತ್ತಿರುವುದು 3ನೆಯದೇ. 2 ಚೆನ್ನಾಗಿದೆ. ನಾಜಲ್ ಅಲ್ಲ ಅಂತ ಆಯಿತಲ್ಲ? ಹಾಗಾದರೆ ಪಂಪಾ?

ಗ್ರೀಸ್ ಕೈ

ಶಭಾಷ್. ಅರ್ಧ ಕೆಲಸ ಆಯಿತು. ಪಂಪ್ ಅಂತ ಈಗಲೇ ಹೇಳಬೇಡಿ. ನಾಲ್ಕೂ ಪೈಪ್ ನಾಜಲ್‌ನಿಂದ ಬಿಚ್ಚಿ, ಒಂದೊಂದರ ಬಾಯಿಗೆ ಒಂದೇ ಅಳತೆಯ ಬಾಟಲಿ ಕಟ್ಟಿ, ರೇಸ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ಬಿಡುವು ಕೊಡಿ, ಇಲ್ಲಾಂದರೆ ಸೆಲ್ಫ್ ಸುಟ್ಟುಹೋಗುತ್ತದೆ. ಕೈ ದೂರ. ನಾಲ್ಕರಲ್ಲೂ ಒಂದೇ ಮಟ್ಟಕ್ಕೆ ಡೀಸೆಲ್ ಬಂದರೆ ಪಂಪ್ ಮೇಲೆ ಅನುಮಾನ ಬೇಡ. ಇದು ಒರಟು ಲೆಕ್ಕ, ಅಂಗಡಿಯ ಟೆಸ್ಟ್ ಬೆಂಚಿನಷ್ಟು ನಿಖರ ಅಲ್ಲ, ಆದರೆ ಒಂದು ಸಿಲಿಂಡರ್ ಪೂರ್ತಿ ಸಾಯುವಷ್ಟು ವ್ಯತ್ಯಾಸ ಇದ್ದರೆ ಕಣ್ಣಿಗೇ ಕಾಣುತ್ತದೆ.

ಬೋರಿಂಗ್ ಬಸಣ್ಣ

ಮೂರು ಲಕ್ಷ ಓಡಿದ ಗಾಡಿ. ಪಿಸ್ಟನ್ ರಿಂಗ್ ಹೋಗಿದೆ. ಹೆಡ್ ಇಳಿಸಿ ಬೋರಿಂಗ್ (ಸಿಲಿಂಡರ್ ಕೊರೆಸುವುದು) ಮಾಡಿಸಿ, ಇನ್ನು ಹತ್ತು ವರ್ಷ ಚಿಂತೆ ಇಲ್ಲ.

ಗ್ರೀಸ್ ಕೈ

ಬಸಣ್ಣ, ಹೆಸರಿಗೆ ತಕ್ಕ ಹಾಗೇ ಮಾತಾಡಿದಿರಿ. ರಿಂಗ್ ಹೋಗಿದ್ದರೆ ಆಯಿಲ್ ಕುಡಿಯಬೇಕು, ನೀಲಿ ಹೊಗೆ ಬರಬೇಕು, ಆಯಿಲ್ ಮುಚ್ಚಳ ತೆಗೆದರೆ ಒಳಗಿಂದ ಬುಸುಬುಸು ಗಾಳಿ ಬರಬೇಕು. ಅವರು ಹೇಳಿದ್ದು ಬಿಳಿ ಹೊಗೆ, ಕಣ್ಣುರಿ. ಅದು ಉರಿಯದ ಡೀಸೆಲ್. ಆದರೂ ನೀವು ಹೇಳಿದ್ದಕ್ಕೆ ಒಂದು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತುತ್ತದೆ ಅಂತ ನೋಡಿಬಿಡಲಿ, ಅದಕ್ಕೆ ಹೆಡ್ ಇಳಿಸಬೇಕಾಗಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ಕೂಡ ನೋಡಿ. ವಾಲ್ವ್ ಪೂರ್ತಿ ಮುಚ್ಚದೆ ಸ್ವಲ್ಪ ತೆರೆದೇ ನಿಂತರೂ ಕಂಪ್ರೆಶನ್ ಇಳಿದು ಮಿಸ್ಸಿಂಗ್ ಬರುತ್ತದೆ.

ಶುಂಠಿ ಗಾಡಿ

ನಾಲ್ಕು ದಿನ ಬಾಡಿಗೆ ಇತ್ತು, ತಡವಾಯಿತು. ಬಾಟಲಿ ನಾಲ್ಕೂ ಒಂದೇ ಮಟ್ಟ, ಹೆಚ್ಚೆಂದರೆ ಒಂದು ಗೆರೆ ಆಚೆ ಈಚೆ. ಟ್ಯಾಪೆಟ್ ಸರಿ ಮಾಡಿಸಿದೆ, 4ನೆಯದು ಸ್ವಲ್ಪ ಬಿಗಿ ಇತ್ತು, 3 ಸರಿಯಾಗೇ ಇತ್ತು. ಹಾಸನದಲ್ಲಿ ಒಬ್ಬರ ಹತ್ತಿರ ಗೇಜ್ ಇತ್ತು, ನಾಜಲ್ ತೂತಿಗೆ ಕೂರಿಸಿ ನೋಡಿದರು. 1ರಲ್ಲಿ 390, 2ರಲ್ಲಿ 380, 3ರಲ್ಲಿ 385, 4ರಲ್ಲಿ 375 ಪಿಎಸ್‌ಐ. ಈ ವಯಸ್ಸಿಗೆ ಎಂಜಿನ್ ಗಟ್ಟಿಯಾಗಿದೆ, ಬಿಚ್ಚಬೇಡಿ ಅಂದರು.

ಈಗ ನನಗೆ ತಲೆ ಕೆಟ್ಟಿದೆ. 3ಕ್ಕೆ ಡೀಸೆಲ್ ಬರುತ್ತಿದೆ, ನಾಜಲ್ ಚೆನ್ನಾಗಿದೆ, ಕಂಪ್ರೆಶನ್ ಇದೆ. ಡೀಸೆಲ್ ಎಂಜಿನ್‌ಗೆ ಇನ್ನೇನು ಬೇಕು? ಮಂತ್ರ ಹಾಕಿಸಬೇಕಾ?

ಲೇತ್ ಮೇಷ್ಟ್ರು

ಮೊದಲಿಂದ ಓದುತ್ತಾ ಬಂದೆ. ಒಂದು ವಿಷಯ ಎಲ್ಲರ ಕಣ್ಣು ತಪ್ಪಿದೆ ಅನ್ನಿಸುತ್ತದೆ. ಮಳೆಗಾಲದಲ್ಲಿ ಶುರುವಾದಾಗ ಹೊಗೆ ಕಪ್ಪು, ಏರಿನಲ್ಲಿ. ಈಗ ಹೊಗೆ ಬಿಳಿ, ಅದೂ ತಣ್ಣಗಿರುವಾಗ. ಇದು ಹಳೇ ತೊಂದರೆಯ ಮುಂದುವರಿಕೆ ಅಲ್ಲ ಸರ್, ಬೇರೆಯದೇ ತೊಂದರೆ. ಹಳೆಯದು ನಾಜಲ್ ರಿಪೇರಿಯಲ್ಲೇ ಹೋಗಿದೆ, ಬಹುಶಃ ಯಾವುದೋ ನಾಜಲ್ ಸೋರುತ್ತಿತ್ತು. ಹೊಸದು ಅದೇ ರಿಪೇರಿಯಲ್ಲಿ ಬಂದು ಸೇರಿಕೊಂಡಿದೆ. ಎರಡನ್ನೂ ಮಿಸ್ಸಿಂಗ್ ಅಂತ ಒಂದೇ ಹೆಸರಿನಲ್ಲಿ ಕರೆದದ್ದರಿಂದ ರಿಪೇರಿಯೇ ಆಗಿಲ್ಲ ಅಂದುಕೊಂಡಿರಿ.

ಒಂದು ಪ್ರಶ್ನೆ. ನೀವು 2, 3 ಅದಲು ಬದಲು ಮಾಡಿದಾಗ 3ರ ಪೈಪಿನ ನಟ್ ಥ್ರೆಡ್ ಹಿಡಿಯೋದಕ್ಕೆ ಹಠ ಮಾಡಿತಾ? ಪೈಪ್ ಸ್ವಲ್ಪ ಗಿಡ್ಡ ಆದ ಹಾಗೆ ಅನ್ನಿಸಿತಾ? ಒಂದು ಸ್ಟೀಲ್ ಸ್ಕೇಲ್ ತೊಗೊಂಡು ಹೆಡ್ ಮೇಲಿಂದ ನಾಲ್ಕೂ ನಾಜಲ್ ಬಾಡಿಯ ಎತ್ತರ ಅಳೆಯಿರಿ. 3 ಎದ್ದು ನಿಂತಿದ್ದರೆ ತೂತಿನ ತಳದಲ್ಲಿ ಹಳೇ ತಾಮ್ರದ ವಾಷರ್ ಉಳಿದುಕೊಂಡಿದೆ, ಹೊಸದನ್ನು ಅದರ ಮೇಲೇ ಹಾಕಿದ್ದಾರೆ ಅಂತ ಅರ್ಥ.

ವಾಷರ್ ಎರಡಾದರೆ ಸೀಲ್ ಆಗುತ್ತದೆ, ಅದಕ್ಕೇ ಕಂಪ್ರೆಶನ್ ಸರಿ ತೋರಿಸುತ್ತದೆ. ಆದರೆ ನಾಜಲ್ ತುದಿ ಒಳಗೆ ಎಷ್ಟು ಚಾಚಬೇಕೋ ಅಷ್ಟು ಚಾಚುವುದಿಲ್ಲ. ಡೀಸೆಲ್ ಪಿಸ್ಟನ್ ಬಟ್ಟಲಿಗೆ ಬೀಳುವ ಬದಲು ಹೆಡ್ಡಿಗೆ, ಅಂಚಿಗೆ ಬಡಿಯುತ್ತದೆ. ತಣ್ಣಗಿದ್ದಾಗ ಅಲ್ಲೇ ಒದ್ದೆಯಾಗಿ ಕೂತು ಬಿಳಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಎಂಜಿನ್ ಕಾದ ಮೇಲೆ ಆ ಬಿಸಿಗೆ ಆವಿಯಾಗಿ ಹೇಗೋ ಉರಿದುಕೊಳ್ಳುತ್ತದೆ.

ಗ್ರೀಸ್ ಕೈ

ಅಯ್ಯೋ ಮೇಷ್ಟ್ರೇ. ನಾಜಲ್ ಕೆಲಸದವನು ನಾನು, ಇದು ನನಗೆ ಹೊಳೆಯಬೇಕಿತ್ತು.

ಅಣ್ಣಾ, ಟಾರ್ಚ್ ಬಿಟ್ಟು ನೋಡಿದರೂ ಗೊತ್ತಾಗುವುದಿಲ್ಲ. ಮಸಿ ಹಿಡಿದು ವಾಷರ್ ಸೀಟಿನ ಬಣ್ಣಕ್ಕೇ ಬಂದಿರುತ್ತದೆ. ತಂತಿ ತುದಿಯಿಂದ ಕೆರೆಯಿರಿ, ತಾಮ್ರದ ಕೆಂಪು ಕಂಡರೆ ಅದೇ. ತೆಗೆಯುವಾಗ ಉಪಕರಣದ ತುದಿಗೆ ಗ್ರೀಸ್ ಹಚ್ಚಿಕೊಳ್ಳಿ, ಚೂರು ಒಳಗೆ ಬೀಳಬಾರದು. ತೆಗೆದ ಮೇಲೆ ನಾಜಲ್ ಹಾಕುವ ಮೊದಲು ಸೆಲ್ಫ್ ಒಂದೆರಡು ಸುತ್ತು ಹೊಡೆದರೆ ಉಳಿದ ಮಸಿ ಹೊರಗೆ ಚಿಮ್ಮುತ್ತದೆ. ಆಗ ತೂತಿನ ಮೇಲೆ ಯಾರೂ ಬಗ್ಗಿ ನೋಡಬೇಡಿ. ಮತ್ತೆ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಇಷ್ಟು ದಿನ ಉರಿಯದ ಡೀಸೆಲ್ ಗೋಡೆ ಹಿಡಿದು ಕೆಳಗೆ ಇಳಿದಿರುತ್ತದೆ.

ಶುಂಠಿ ಗಾಡಿ

ಮೇಷ್ಟ್ರೇ, ನಿಮಗೆ ಒಂದು ಮೂಟೆ ಶುಂಠಿ ಬಾಕಿ.

ಸ್ಕೇಲ್ ಇಟ್ಟರೆ 1, 2, 4 ಒಂದೇ ಎತ್ತರ. 3 ಸುಮಾರು 2 ಮಿಲಿಮೀಟರ್ ಜಾಸ್ತಿ. ಪೈಪ್ ನಟ್ ಹಠ ಮಾಡಿದ್ದೂ ನಿಜ, ಅವತ್ತು ಭಾವಮೈದ ಪೈಪ್ ಬಗ್ಗಿಸಿ ಹಿಡಿದುಕೊಂಡಿದ್ದ, ನಾನು ನಟ್ ತಿರುಗಿಸಿದ್ದೆ. ನೀವು ಕೇಳುವವರೆಗೂ ಅದೊಂದು ವಿಷಯ ಅಂತಲೇ ಅನ್ನಿಸಿರಲಿಲ್ಲ.

ನಾಜಲ್ ತೆಗೆದು ತಳ ಕೆರೆದರೆ ಕೆಂಪಗೆ ಮಿಂಚಿತು. ಸೈಕಲ್ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದೆವು, ಬರಲಿಲ್ಲ, ಕಡ್ಡಿಯೇ ನೆಟ್ಟಗಾಯಿತು. ಆಮೇಲೆ ಪಕ್ಕದ ಊರಿನ ವೆಲ್ಡಿಂಗ್ ಅಂಗಡಿಯಿಂದ ಥ್ರೆಡ್ ಕೊರೆಯುವ ಟ್ಯಾಪ್ ಒಂದು ತಂದು, ಗ್ರೀಸ್ ಮೆತ್ತಿ, ವಾಷರ್ ತೂತಿಗೆ ಮೆಲ್ಲಗೆ ಎರಡು ಸುತ್ತು ಕಚ್ಚಿಸಿ ಮೇಲಕ್ಕೆ ಎಳೆದಾಗ ಪುಟುಕ್ ಅಂತ ಬಂತು. ಒಂದು ಕಡೆ ಕರಿ, ಇನ್ನೊಂದು ಕಡೆ ಹೊಸ ವಾಷರ್ ಕೂತಿದ್ದ ಅಚ್ಚು ಉಂಗುರದ ಹಾಗೆ ಬಿದ್ದಿದೆ. ಉಳಿದ ಮೂರೂ ತೆಗೆದು ನೋಡಿದೆವು, ಅಲ್ಲಿ ಒಂದೊಂದೇ ಇತ್ತು.

ನಿನ್ನೆ ಬೆಳಗ್ಗೆ ಐದು ಗಂಟೆಗೆ ಸ್ಟಾರ್ಟ್ ಮಾಡಿದೆ. ಹತ್ತು ಸೆಕೆಂಡ್ ಸ್ವಲ್ಪ ಹೊಗೆ, ಅಷ್ಟೇ. ನಡುಕ ಇಲ್ಲ. ಹಸು ಕೊಟ್ಟಿಗೆಯಲ್ಲೇ ಇತ್ತು, ತಲೆ ಎತ್ತಲೂ ಇಲ್ಲ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಅರ್ಧ ಬೆರಳು ಮೇಲಿತ್ತು, ಡೀಸೆಲ್ ವಾಸನೆ. ಇಷ್ಟು ದಿನ ಆಯಿಲ್ ಕುಡಿಯುತ್ತಿಲ್ಲ ಅಂತ ನಾನು ಖುಷಿಪಟ್ಟುಕೊಂಡಿದ್ದೆ! ಆಯಿಲ್, ಫಿಲ್ಟರ್ ಎರಡೂ ಬದಲಿಸಿದೆ. ನಾಜಲ್ ಬಿಚ್ಚಿದವನಿಗೆ ವಾಷರ್ ತೋರಿಸಿದೆ. ಅದು ಮೊದಲಿಂದಲೂ ಇತ್ತೇನೋ ಅಂದ.

ಟರ್ಬೊ ತಮ್ಮ

ಹಾಗಾದರೆ ಕೋಡ್ ಏನೂ ಬರಲಿಲ್ಲವಾ?

ಗ್ರೀಸ್ ಕೈ

ಬಂತಲ್ಲ ತಮ್ಮಾ, ನೀರಿನ ಹನಿಯಲ್ಲಿ.

ಅಣ್ಣಾ, ಒಂದು ಮಾತು. ಆ ಪೈಪನ್ನು ಬಗ್ಗಿಸಿ ಕೂರಿಸಿದ್ದಿರಿ ಅಂದಿರಲ್ಲ, ಈಗ ನಾಜಲ್ ಕೆಳಗೆ ಇಳಿದಿದೆ. ಪೈಪ್ ಅಡ್ಡಡ್ಡ ಎಳೆದುಕೊಂಡಿದ್ದರೆ ಯೂನಿಯನ್ ಹತ್ತಿರವೇ ಬಿರುಕು ಬಿಡುತ್ತದೆ. ಎರಡು ಕಡೆಯ ನಟ್ಟೂ ಪೈಪಿನ ಕ್ಲಾಂಪೂ ಪೂರ್ತಿ ಸಡಿಲ ಮಾಡಿ, ಪೈಪ್ ತಾನಾಗೇ ಕೂರಲಿ, ಆಮೇಲೆ ಬಿಗಿ ಮಾಡಿ. ಶಿರಾಡಿ ಇಳಿಯುವ ಮೊದಲು ಮಾಡಿ.