ಸಹಾಯ ಬೇಕು: ಶಾಲೆಯ ಕ್ರಿಸ್‌ಮಸ್ ಕಾರ್ಯಕ್ರಮದ ಹಳೇ ಕ್ಯಾಸೆಟ್‌ಗೆ ಬೂಷ್ಟು ಬಂದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೆಜಿಎಫ್, ರಾಬರ್ಟ್‌ಸನ್‌ಪೇಟೆ. 2001ರಲ್ಲಿ ಗಣಿ ಮುಚ್ಚುವುದಕ್ಕೂ ಮುಂಚಿನ ಮಾತು. ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ನಾನು ಕುರಿ ಕಾಯುವವನು. ಅಪ್ಪನ ಚೌಕುಳಿ ಲುಂಗಿ, ತಲೆಗೆ ಟವೆಲ್, ಕಾಡಿಗೆಯಲ್ಲಿ ಬರೆದ ಮೀಸೆ. ಗೋದಲಿ ಮುಂದೆ ಮಂಡಿಯೂರುವಾಗ ಲುಂಗಿ ಜಾರಿ, ದೇವದೂತರ ಸಮೇತ ಎಲ್ಲರೂ ನಕ್ಕಿದ್ದರು!

ಅದರ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಈಗ ಅಮ್ಮನ ಟ್ರಂಕಿನಲ್ಲಿ ಸಿಕ್ಕಿದೆ. ಇರುವುದು ಇದೊಂದೇ ಪ್ರತಿ. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿಗೆಲ್ಲ ಬಿಳಿ ಪುಡಿ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಇಟ್ಟೆ. ತೇವ ಹೋಯಿತು, ಪುಡಿ ಹೋಗಲಿಲ್ಲ. ಇಲ್ಲಿನ ಸ್ಟುಡಿಯೋಗಳಲ್ಲಿ ವಿಸಿಆರ್ (ಈ ಕ್ಯಾಸೆಟ್ ಓಡಿಸುವ ಯಂತ್ರ) ಇಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಬೂಷ್ಟಿನ ಕ್ಯಾಸೆಟ್ ಮುಟ್ಟುವುದೇ ಇಲ್ಲ ಅಂದರು. ಇನ್ನೊಬ್ಬರು "ಸುಮ್ನೆ ಒಂದ್ಸಲ ಓಡಿಸಿ, ಸರಿಹೋಗುತ್ತೆ" ಅಂತಾರೆ. ಆದರೆ ಹಾಗೆ ಓಡಿಸಿದರೆ ಬೂಷ್ಟು ವಿಸಿಆರ್ ಒಳಗೆ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತೆ, ಅಂಟಿಕೊಂಡಿರೋ ಟೇಪ್ ಹರಿದೂ ಹೋಗಬಹುದು ಅಲ್ವಾ? ಅದಕ್ಕೇ ಧೈರ್ಯ ಬರುತ್ತಿಲ್ಲ.

ಕ್ಯಾಸೆಟ್ ಬಿಚ್ಚಿ, ಟೇಪನ್ನು ಕೈಯಲ್ಲೇ ಒರೆಸಿ, ಪೆನ್‌ಡ್ರೈವ್‌ಗೆ ಹಾಕಿಕೊಡುವವರು ಕೋಲಾರ ಅಥವಾ ಬೆಂಗಳೂರಿನಲ್ಲಿ ಯಾರಾದರೂ ಇದ್ದಾರಾ? ನೀವೇ ಮಾಡಿಸಿದ್ದರೆ ಎಷ್ಟು ಖರ್ಚಾಯಿತು, ಚಿತ್ರ ಸರಿಯಾಗಿ ಬಂತಾ ಹೇಳಿ.