9 ವರ್ಷ ನೀರು ಬಿಟ್ಟೆ, ಈಗ ಬರಬೇಡ ಅಂದರು. ಏನಾದರೂ ಹಣ ಸಿಗುತ್ತಾ?

ನಮಸ್ಕಾರ. ನಾನು ರಾಯಚೂರು ಜಿಲ್ಲೆಯವನು. ಒಂದು ಸ್ಥಳೀಯ ಸಂಸ್ಥೆಯಲ್ಲಿ ಹೊರಗುತ್ತಿಗೆ ಮೇಲೆ 9 ವರ್ಷ ವಾಲ್‌ಮನ್ ಆಗಿದ್ದೆ. ಬೆಳಗಿನ ಜಾವ 4ಕ್ಕೆ ಎದ್ದು ಓಣಿ ಓಣಿಗೆ ನೀರು ಬಿಡುವುದು. ಎಡದಂಡೆ ಕಾಲುವೆಗೆ ನೀರು ನಿಂತರೆ ಜನ ಬೈಯುವುದೂ ನಮ್ಮನ್ನೇ. ತೆರಿಗೆ ವಸೂಲಿಯಿಲ್ಲ, ದುಡ್ಡಿಲ್ಲ ಅಂತ ಹೋದ ತಿಂಗಳು ಆರು ಜನರನ್ನು ಬಾಯಿಮಾತಲ್ಲೇ ಬಿಡಿಸಿದರು. ಒಂದು ಚೀಟಿಯೂ ಕೊಡಲಿಲ್ಲ. ಎರಡು ತಿಂಗಳ ಸಂಬಳ ಬಾಕಿ. ನಮ್ಮನ್ನು ಕೆಲಸಕ್ಕಿಟ್ಟ ಗುತ್ತಿಗೆ ಏಜೆನ್ಸಿ ಮೂರು ಸಲ ಬದಲಾಗಿದೆ. ಮಗಳು ಪಿಯುಸಿ ಓದುತ್ತಿದ್ದಾಳೆ. ನಮ್ಮಂಥವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಟ್ಟಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಕೊಡುವ ಹಣ, ಇದೆಯಾ?

ಗಂಗಾವತಿಯಿಂದ ಉತ್ತರ:
ಅಣ್ಣ, 5 ವರ್ಷ ಬಿಡದೆ ದುಡಿದವರಿಗೆ ಇದೆ. ತಿಂಗಳ ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷದಿಂದ ಗುಣಿಸಿ. 14,300 ಇದ್ದರೆ 9 ವರ್ಷಕ್ಕೆ 74,250 ರೂಪಾಯಿ. ಏಜೆನ್ಸಿ ಬದಲಾಯಿತು ಅಂತ ತಕರಾರು ತೆಗೆಯುತ್ತಾರೆ. ಜಾಗ ಅದೇ, ಕೆಲಸ ಅದೇ ಅಂತ ತೋರಿಸಬೇಕು. ಹಾಜರಿ ಪುಸ್ತಕದ ಫೋಟೋ ಇದೆಯಾ?

ಬಳ್ಳಾರಿಯಿಂದ ಉತ್ತರ:
ಬಾಕಿ ಸಂಬಳ ಮೊದಲು ಕೇಳಿ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು, ಕಾನೂನಿದೆ. ಪಿಎಫ್ (ಭವಿಷ್ಯ ನಿಧಿ) ಪಾಸ್‌ಬುಕ್ಕೂ ತೆಗೆಸಿ ನೋಡಿ, ಯಾವ ತಿಂಗಳು ಯಾರು ಕಟ್ಟಿದ್ದಾರೆ ಅಂತ ಅದರಲ್ಲೇ ಬರುತ್ತದೆ. ಸುಮ್ನೆ ಬಾಯಲ್ಲಿ ಕೇಳಬೇಡಿ. ಆರೂ ಜನ ಸೇರಿ ಅರ್ಜಿ ಬರೆದು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆಗಲಿಲ್ಲ ಅಂದರೆ ಕಾರ್ಮಿಕ ಇಲಾಖೆ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ ಅಣ್ಣ.

ಕೇಳಿದವರು:
ಹಾಜರಿ ಫೋಟೋ 2019ರಿಂದ ಇವೆ. ಉಳಿದ ಐದು ಜನರಿಗೆ ಈಗಲೇ ಫೋನ್ ಮಾಡುತ್ತೇನೆ.